ರಿಪೋರ್ಟ್ ನೆಗೆಟಿವ್, ಮನಸ್ಸು ಮಾತ್ರ ಒಪ್ಪುತ್ತಿಲ್ಲ: ಲೈಂಗಿಕ ಸೋಂಕಿನ ಪರೀಕ್ಷೆಯನ್ನು ನಂಬುವುದು ಹೇಗೆ?

ಲೈಂಗಿಕ ಸೋಂಕಿನ ಪರೀಕ್ಷೆ ಮಾಡಿಸಿ, ಎಲ್ಲವೂ ನೆಗೆಟಿವ್ ಬಂದ ಮೇಲೂ ಕಳವಳ ಬಿಡದವರು ಬಹಳ ಮಂದಿ ಇದ್ದಾರೆ. ರಿಪೋರ್ಟ್ ಕೈಗೆ ಬಂದ ದಿನ ಎದೆ ಹಗುರಾಗುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ 'ತೀರಾ ಬೇಗ ಮಾಡಿಸಿಬಿಟ್ಟೆನೇನೋ', 'ಲ್ಯಾಬಿನವರು ಸ್ಯಾಂಪಲ್ ಅದಲುಬದಲು ಮಾಡಿದ್ದರೆ?', 'ಏನೂ ಇಲ್ಲದಿದ್ದರೆ ಈ ಉರಿ ಯಾಕೆ?' ಎಂದು ಮತ್ತೆ ಶುರುವಾಗುತ್ತದೆ. ಇನ್ನೊಂದು ಲ್ಯಾಬ್, ಇನ್ನೊಂದು ರಿಪೋರ್ಟ್, ಮತ್ತೆ ಎರಡೇ ದಿನದ ನೆಮ್ಮದಿ.

ಈ ಕಳವಳದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ನನಗೆ ಬೇಕಾದ ಪರೀಕ್ಷೆ, ಬೇಕಾದ ಸಮಯಕ್ಕೆ, ಸರಿಯಾದ ಸ್ಯಾಂಪಲ್ಲಿನಿಂದ ಆಗಿದೆಯೇ ಎಂಬುದು ಒಂದು. ಇದನ್ನು ಅರ್ಧ ಗಂಟೆಯಲ್ಲಿ ಇತ್ಯರ್ಥ ಮಾಡಬಹುದು. ಎಲ್ಲ ಸರಿಯಿದ್ದರೂ ನನಗೆ ಸಮಾಧಾನ ಯಾಕಿಲ್ಲ ಎಂಬುದು ಇನ್ನೊಂದು. ಇದಕ್ಕೆ ಯಾವ ಲ್ಯಾಬೂ ಉತ್ತರ ಕೊಡಲಾರದು, ಎಷ್ಟು ಸಲ ರಕ್ತ ಕೊಟ್ಟರೂ ಅಷ್ಟೆ. ಮೊದಲನೆಯದನ್ನು ಒಮ್ಮೆ ಪೂರ್ತಿಯಾಗಿ ಮುಗಿಸಿಯೇ ಎರಡನೆಯದಕ್ಕೆ ಕೈ ಹಾಕಬೇಕು. ಇದುವರೆಗಿನ ರಿಪೋರ್ಟುಗಳನ್ನೆಲ್ಲ ಎದುರಿಗೆ ಹರಡಿಕೊಂಡು, ಒಂದು ಕಾಗದ, ಪೆನ್ನು ಹಿಡಿದು ಕೂರಿ.

1. ದಿನ ಎಣಿಸಿ

ಕಾಗದದ ಮೇಲೆ ಎರಡು ತಾರೀಕು ಬರೆಯಿರಿ. ಸಂದೇಹ ಹುಟ್ಟಿಸಿದ ಸಂಪರ್ಕದ ದಿನ ಮೊದಲನೆಯದು. ಅಂಥವು ಹಲವಿದ್ದರೆ ಕೊನೆಯದನ್ನು ಹಿಡಿಯಿರಿ. ಎರಡನೆಯದು ಸ್ಯಾಂಪಲ್ ಕೊಟ್ಟ ದಿನ. ರಿಪೋರ್ಟಿನ ತಲೆಭಾಗದಲ್ಲಿ ಸಾಮಾನ್ಯವಾಗಿ ಎರಡು ಮೂರು ತಾರೀಕು ಇರುತ್ತವೆ: ಸ್ಯಾಂಪಲ್ ತೆಗೆದದ್ದು, ಲ್ಯಾಬಿಗೆ ತಲುಪಿದ್ದು, ರಿಪೋರ್ಟ್ ಹೊರಬಿದ್ದದ್ದು. ಲೆಕ್ಕಕ್ಕೆ ಬರುವುದು ತೆಗೆದ ತಾರೀಕು ಮಾತ್ರ.

ಸೋಂಕು ತಗುಲಿದ ಕೂಡಲೇ ಪರೀಕ್ಷೆಗೆ ಸಿಗುವುದಿಲ್ಲ. ವೈರಸ್ಸೋ ಬ್ಯಾಕ್ಟೀರಿಯಾವೋ ಮೊದಲು ಹೆಚ್ಚಬೇಕು, ಕೆಲವು ಪರೀಕ್ಷೆಗಳಿಗೆ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನೂ ತಯಾರಿಸಿರಬೇಕು. ಅಲ್ಲಿಯವರೆಗಿನ ಅವಧಿಯನ್ನು ವಿಂಡೋ ಪೀರಿಯಡ್ ಎನ್ನುತ್ತಾರೆ. ಅದರೊಳಗೆ ಬಂದ ನೆಗೆಟಿವ್ ಎಂದರೆ, ಬಿತ್ತಿದ ಮರುದಿನವೇ ಹೊಲಕ್ಕೆ ಹೋಗಿ ಏನೂ ಹುಟ್ಟಿಲ್ಲ ಎಂದು ನೋಡಿ ಬಂದ ಹಾಗೆ. ಅವಧಿ ದಾಟಿದ ಮೇಲೆ ಬಂದ ನೆಗೆಟಿವ್‌ನ ತೂಕವೇ ಬೇರೆ.

ಎಚ್‌ಐವಿ ವಿಷಯದಲ್ಲಿ ಈ ಅವಧಿ ಪರೀಕ್ಷೆಯ ಬಗೆಗೆ ತಕ್ಕಂತೆ ಬದಲಾಗುತ್ತದೆ, ಹಾಗಾಗಿ ಗೊಂದಲವೂ ಇಲ್ಲೇ ಹೆಚ್ಚು. ವೈರಸ್ಸಿನ ಆರ್‌ಎನ್‌ಎಯನ್ನೇ, ಅಂದರೆ ಅದರ ವಂಶವಾಹಿ ವಸ್ತುವನ್ನೇ, ಹುಡುಕುವ ಪರೀಕ್ಷೆ ಸೋಂಕನ್ನು 10ರಿಂದ 33 ದಿನಗಳ ನಡುವೆ ಹಿಡಿಯುತ್ತದೆ. ತೋಳಿನ ರಕ್ತನಾಳದಿಂದ ರಕ್ತ ತೆಗೆದು ಲ್ಯಾಬಿನ ಯಂತ್ರದಲ್ಲಿ ಮಾಡುವ ಫೋರ್ತ್ ಜನರೇಷನ್ ಪರೀಕ್ಷೆಗೆ 18ರಿಂದ 45 ದಿನ. ಇದು ವೈರಸ್ಸಿನ ಪಿ24 ಎಂಬ ಪ್ರೋಟೀನನ್ನೂ ದೇಹದ ಪ್ರತಿಕಾಯಗಳನ್ನೂ ಒಟ್ಟಿಗೆ ಹುಡುಕುವುದರಿಂದ ಬೇಗ ಹಿಡಿಯುತ್ತದೆ. ಸುಮಾರು ಅರ್ಧದಷ್ಟು ಸೋಂಕುಗಳು 18 ದಿನಕ್ಕೇ ಸಿಕ್ಕಿಬೀಳುತ್ತವೆ, 45 ದಿನದ ಹೊತ್ತಿಗೆ 100ರಲ್ಲಿ 99 ಸಿಕ್ಕಿರುತ್ತವೆ. ಬೆರಳು ಚುಚ್ಚಿ ಮಾಡುವ ರ‍್ಯಾಪಿಡ್ ಪರೀಕ್ಷೆ, ಮನೆಯಲ್ಲೇ ಮಾಡಿಕೊಳ್ಳುವ ಕಿಟ್, ಪ್ರತಿಕಾಯವನ್ನಷ್ಟೇ ನೋಡುವ ಪರೀಕ್ಷೆ, ಇವುಗಳಿಗೆ 90 ದಿನ ಕೊಡಬೇಕು.

ಅಂದರೆ, ಸಂಪರ್ಕದ 52ನೇ ದಿನ ತೋಳಿನ ರಕ್ತ ಕೊಟ್ಟು ಫೋರ್ತ್ ಜನರೇಷನ್ ಪರೀಕ್ಷೆ ನೆಗೆಟಿವ್ ಬಂದಿದ್ದರೆ ಆ ಸಂಪರ್ಕದ ಮಟ್ಟಿಗೆ ಎಚ್‌ಐವಿ ವಿಷಯ ಮುಗಿಯಿತು. ಅದೇ 52ನೇ ದಿನ ಬೆರಳು ಚುಚ್ಚಿದ ಕಿಟ್ಟಿನಲ್ಲಿ ನೆಗೆಟಿವ್ ಬಂದಿದ್ದರೆ ಭರವಸೆಯ ಸುದ್ದಿ ಹೌದು, ಆದರೆ 90 ದಿನ ದಾಟಿದ ಮೇಲೆ ಒಂದೇ ಒಂದು ಪರೀಕ್ಷೆ ಬಾಕಿ. ಅಷ್ಟು ಕಾಯಲು ಆಗದಿದ್ದರೆ ಈಗಲೇ ಲ್ಯಾಬಿನ ಪರೀಕ್ಷೆ ಮಾಡಿಸಬಹುದು. 'ಆರು ತಿಂಗಳು ಕಾಯಲೇಬೇಕು', 'ಒಂದು ವರ್ಷದ ನಂತರವೂ ಬರಬಹುದು' ಎಂಬ ಮಾತುಗಳು ಹಳೆಯ ತಲೆಮಾರಿನ ಕಿಟ್‌ಗಳ ಕಾಲದಿಂದ ಉಳಿದುಕೊಂಡು ಬಂದವು. ಅವು ಇಂದಿನ ಪರೀಕ್ಷೆಗಳಿಗೆ ಅನ್ವಯಿಸುವುದಿಲ್ಲ.

ಉಳಿದವು ಇಷ್ಟು ಜಟಿಲವಲ್ಲ. ಕ್ಲಮೈಡಿಯಾ ಮತ್ತು ಗೊನೊರಿಯಾಗೆ ಪಿಸಿಆರ್ ಬಗೆಯ ಪರೀಕ್ಷೆಯಾದರೆ ಎರಡು ವಾರ ಸಾಕು. ಸಿಫಿಲಿಸ್‌ಗೆ 12 ವಾರ. ಅದರ ಹುಣ್ಣು ಕಾಣಿಸಿಕೊಳ್ಳಲು 10ರಿಂದ 90 ದಿನ ಬೇಕಾಗುವುದರಿಂದ ರಕ್ತಪರೀಕ್ಷೆಗೂ ಅಷ್ಟು ಸಮಯ ಕೊಡುತ್ತಾರೆ. ಹೆಪಟೈಟಿಸ್ ಬಿ ವೈರಸ್ಸಿನ ಹೊರಪದರದ ಪ್ರೋಟೀನ್ ಎಚ್‌ಬಿಎಸ್‌ಎಜಿ ಸರಾಸರಿ ನಾಲ್ಕು ವಾರಕ್ಕೆ ರಕ್ತದಲ್ಲಿ ಕಾಣುತ್ತದೆ, 12 ವಾರಕ್ಕೆ ಮಾಡಿಸಿದರೆ ಸಂದೇಹ ಉಳಿಯುವುದಿಲ್ಲ. ಹೆಪಟೈಟಿಸ್ ಸಿ ಪ್ರತಿಕಾಯಕ್ಕೆ 8ರಿಂದ 11 ವಾರ, ಅದರ ಆರ್‌ಎನ್‌ಎ ಪರೀಕ್ಷೆಗೆ ಒಂದೆರಡು ವಾರ.

ನೀವು ಎಣಿಸಿದ ದಿನಗಳು ಈ ಅಂಕಿಗಳನ್ನು ದಾಟಿದ್ದರೆ ಆ ಸೋಂಕಿನ ಹೆಸರಿನ ಮುಂದೆ 'ಸಮಯ ಸರಿ' ಎಂದು ಬರೆಯಿರಿ. ದಾಟಿಲ್ಲದಿದ್ದರೆ ದಾಟುವ ತಾರೀಕನ್ನು ಬರೆಯಿರಿ. ಅದೊಂದೇ ತಾರೀಕು. ಅದಕ್ಕೂ ಮೊದಲು ವಾರಕ್ಕೊಮ್ಮೆ ಪರೀಕ್ಷೆ ಮಾಡಿಸುವುದರಿಂದ ಹಣವೂ ಹೋಗುತ್ತದೆ, ಕೊನೆಯ ರಿಪೋರ್ಟಿನ ಮೇಲಿನ ನಂಬಿಕೆಯೂ ಸವೆಯುತ್ತದೆ.

2. ಯಾವ ಸೋಂಕಿಗೆ, ದೇಹದ ಯಾವ ಭಾಗದಿಂದ?

'ಎಲ್ಲ ಟೆಸ್ಟೂ ಮಾಡಿಸಿದ್ದೇನೆ' ಎಂಬ ಮಾತನ್ನು ಒಮ್ಮೆ ಬಿಡಿಸಿ ನೋಡಬೇಕು. ಲೈಂಗಿಕ ಸೋಂಕುಗಳನ್ನೆಲ್ಲ ಒಟ್ಟಿಗೆ ಹಿಡಿಯುವ ಒಂದೇ ಪರೀಕ್ಷೆ ಇಲ್ಲ. ರಕ್ತದಲ್ಲಿ ಗೊತ್ತಾಗುವುದು ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್. ಕ್ಲಮೈಡಿಯಾ, ಗೊನೊರಿಯಾ ರಕ್ತದಲ್ಲಿ ಸಿಗುವುದಿಲ್ಲ. ಅವಕ್ಕೆ ಮೂತ್ರ ಅಥವಾ ಸ್ವಾಬ್ (ಹತ್ತಿಕಡ್ಡಿಯಿಂದ ಒರೆಸಿ ತೆಗೆದ ಸ್ಯಾಂಪಲ್) ಬೇಕು. ಮಾಮೂಲಿ ಮೂತ್ರ ಪರೀಕ್ಷೆಯಲ್ಲೂ ಯೂರಿನ್ ಕಲ್ಚರ್‌ನಲ್ಲೂ ಕ್ಲಮೈಡಿಯಾ ಕಾಣುವುದಿಲ್ಲ, ಅದಕ್ಕೆಂದೇ ಕೇಳಿ ಮಾಡಿಸಬೇಕು.

ಸ್ಯಾಂಪಲ್ ಕೊಟ್ಟ ರೀತಿಯನ್ನೂ ನೆನಪು ಮಾಡಿಕೊಳ್ಳಿ. ಪುರುಷರು ಕ್ಲಮೈಡಿಯಾ, ಗೊನೊರಿಯಾಗೆ ಮೂತ್ರ ಕೊಡುವಾಗ ಅದಕ್ಕೆ ಮುಂಚೆ ಕನಿಷ್ಠ ಒಂದು ಗಂಟೆ ಮೂತ್ರ ಮಾಡಿರಬಾರದು. ಧಾರೆಯ ಮೊದಲ 20ರಿಂದ 30 ಮಿಲಿಲೀಟರನ್ನೇ ಡಬ್ಬಿಗೆ ಹಿಡಿಯಬೇಕು. ಬೇರೆ ಮೂತ್ರ ಪರೀಕ್ಷೆಗಳಲ್ಲಿ 'ಮೊದಲ ಸ್ವಲ್ಪ ಬಿಟ್ಟು ಮಧ್ಯದ್ದು ಹಿಡಿಯಿರಿ' ಎನ್ನುವುದು ರೂಢಿ, ಅದೇ ಅಭ್ಯಾಸದಲ್ಲಿ ಇಲ್ಲೂ ಮಧ್ಯದ್ದು ಹಿಡಿದವರು ಅನೇಕರು. ಮೂತ್ರನಾಳದ ಗೋಡೆಯಿಂದ ಕೊಚ್ಚಿಕೊಂಡು ಬರುವ ಜೀವಕೋಶಗಳು ಇರುವುದೇ ಆ ಮೊದಲ ಭಾಗದಲ್ಲಿ. ಡಬ್ಬಿ ತುಂಬಾ ಹಿಡಿದರೂ ಸ್ಯಾಂಪಲ್ ತೆಳುವಾಗುತ್ತದೆ. ಮಹಿಳೆಯರಿಗೆ ಮೂತ್ರಕ್ಕಿಂತ ಯೋನಿಯ ಸ್ವಾಬ್ ಒಳ್ಳೆಯದು. ಅದನ್ನು ತಾವೇ ತೆಗೆದುಕೊಟ್ಟರೂ ಫಲಿತಾಂಶ ಅಷ್ಟೇ ನಂಬಿಕಸ್ತವಾಗಿರುತ್ತದೆ.

ಮುಖಮೈಥುನ ಅಥವಾ ಗುದಮೈಥುನ ನಡೆದಿದ್ದರೆ ಮೂತ್ರದ ನೆಗೆಟಿವ್ ಗಂಟಲಿನ, ಗುದದ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ಭಾಗದಿಂದಲೇ ಸ್ವಾಬ್ ಆಗಬೇಕು. ಸಂಕೋಚಕ್ಕೆ ಈ ವಿಷಯ ಹೇಳದೆ ಬಂದಿದ್ದರೆ ನಿಮ್ಮ ಕಳವಳದ ಒಂದು ಎಳೆಗೆ ನಿಜವಾದ ಆಧಾರವಿದೆ. ಮತ್ತೊಮ್ಮೆ ಹೋಗಿ, 'ಗಂಟಲಿನ ಸ್ವಾಬ್ ಕೂಡ ಬೇಕು' ಎಂದಷ್ಟೇ ಹೇಳಿ ಮಾಡಿಸಿಕೊಂಡು ಬನ್ನಿ. ವೈದ್ಯರಿಗೆ ಇದು ದಿನನಿತ್ಯದ ಮಾತು.

ನೀರುಗುಳ್ಳೆ ಏಳಿಸುವ ಹರ್ಪಿಸ್ ಮತ್ತು ಗರ್ಭಕಂಠದ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ವೈರಸ್‌ಗಳ ಕತೆ ಬೇರೆ. ಹುಣ್ಣು, ಗುಳ್ಳೆ ಯಾವುದೂ ಇಲ್ಲದವರು ಹರ್ಪಿಸ್ ರಕ್ತಪರೀಕ್ಷೆ ಮಾಡಿಸಬೇಕೆಂದು ತಜ್ಞರು ಸಲಹೆ ಕೊಡುವುದಿಲ್ಲ. ಐಜಿಎಂ, ಐಜಿಜಿ ಎಂಬುವು ಎರಡು ಬಗೆಯ ಪ್ರತಿಕಾಯಗಳು. ಐಜಿಎಂ ಪರೀಕ್ಷೆ ಇಲ್ಲಿ ಪ್ರಯೋಜನಕ್ಕೆ ಬಾರದು. ಐಜಿಜಿ ಪರೀಕ್ಷೆಯಲ್ಲಿ ಎಚ್‌ಎಸ್‌ವಿ-2 (ಹರ್ಪಿಸ್ ವೈರಸ್ಸಿನ ಎರಡನೆಯ ಬಗೆ) ಸೂಚ್ಯಂಕ 1.1ರಿಂದ 3ರ ನಡುವೆ ಬಂದರೆ ಅದು ಸುಳ್ಳು ಪಾಸಿಟಿವ್ ಆಗಿರುವ ಸಾಧ್ಯತೆ ಸಾಕಷ್ಟಿದೆ. ನೆಮ್ಮದಿಗೆಂದು ಮಾಡಿಸಿದ ಪರೀಕ್ಷೆ ಹೊಸ ಚಿಂತೆಯನ್ನು ಹೊತ್ತು ತರುವುದು ಇಲ್ಲೇ ಹೆಚ್ಚು. ಗುಳ್ಳೆ ಎದ್ದರೆ ಅದು ಒಣಗುವ ಮೊದಲೇ, ಸಾಧ್ಯವಾದರೆ ಮೊದಲ ಎರಡು ದಿನದಲ್ಲಿ, ಅದರಿಂದಲೇ ಸ್ವಾಬ್ ತೆಗೆಸಿ ಪಿಸಿಆರ್ ಮಾಡಿಸಿ. ಒಣಗಿದ ಗುಳ್ಳೆಯ ನೆಗೆಟಿವ್ ಸ್ವಾಬನ್ನು ಪೂರ್ತಿ ನಂಬುವಂತಿಲ್ಲ. ಎಚ್‌ಪಿವಿಗೆ ರಕ್ತಪರೀಕ್ಷೆಯೇ ಇಲ್ಲ, ಪುರುಷರಿಗೆಂದು ರೂಢಿಯಲ್ಲಿರುವ ಪರೀಕ್ಷೆಯೂ ಇಲ್ಲ. ಅದಕ್ಕೆ ದಾರಿ ಲಸಿಕೆ, ಮಹಿಳೆಯರಿಗೆ ಗರ್ಭಕಂಠದ ತಪಾಸಣೆ.

ಹತ್ತು ಹನ್ನೆರಡು ಸೂಕ್ಷ್ಮಜೀವಿಗಳನ್ನು ಒಟ್ಟಿಗೆ ಹುಡುಕುವ ದೊಡ್ಡ ಪಿಸಿಆರ್ ಪ್ಯಾನಲ್‌ಗಳ ಬಗ್ಗೆಯೂ ಹುಷಾರು. ಯೂರಿಯಾಪ್ಲಾಸ್ಮಾ, ಮೈಕೊಪ್ಲಾಸ್ಮಾ ಹೊಮಿನಿಸ್‌ನಂಥವು ಆರೋಗ್ಯವಂತರಲ್ಲೂ ಇರುತ್ತವೆ. ಅವು ಪಾಸಿಟಿವ್ ಬಂದಾಕ್ಷಣ ಕಾಯಿಲೆ ಎಂದಲ್ಲ, ಆ್ಯಂಟಿಬಯಾಟಿಕ್ ಬೇಕು ಎಂದೂ ಅಲ್ಲ.

3. ರಿಪೋರ್ಟಿನ ಅಂಕಿಯನ್ನು ಓದುವ ಬಗೆ

ಎಚ್‌ಐವಿ ರಿಪೋರ್ಟಿನಲ್ಲಿ 'ನಾನ್ ರಿಯಾಕ್ಟಿವ್' ಎಂಬುದರ ಪಕ್ಕ 0.08, 0.21 ಎಂಬಂಥ ಅಂಕಿ ಇರುತ್ತದೆ. ಸ್ಯಾಂಪಲ್ಲಿನಿಂದ ಯಂತ್ರಕ್ಕೆ ಸಿಕ್ಕ ಸಂಕೇತವನ್ನು ಮೊದಲೇ ಗೊತ್ತುಮಾಡಿದ ಗಡಿರೇಖೆಯಿಂದ ಭಾಗಿಸಿದಾಗ ಬರುವ ಸಂಖ್ಯೆ ಅದು. 1.00ಕ್ಕಿಂತ ಕೆಳಗಿದ್ದರೆ ನಾನ್ ರಿಯಾಕ್ಟಿವ್, 1.00 ಅಥವಾ ಮೇಲಿದ್ದರೆ ರಿಯಾಕ್ಟಿವ್. ನಿಮ್ಮ ಲ್ಯಾಬಿನ ಗಡಿ ಎಷ್ಟೆಂಬುದು ಅದೇ ಸಾಲಿನ ಕೊನೆಯಲ್ಲಿ ಅಚ್ಚಾಗಿರುತ್ತದೆ.

ಮೊದಲ ಸಲ 0.08 ಬಂದಿತ್ತು, ಎರಡನೆಯ ಸಲ 0.21 ಬಂತು, ಅಂದರೆ ಏರುತ್ತಿದೆ ಎಂದು ಹೆದರುವವರಿದ್ದಾರೆ. ಒಂದೇ ರಕ್ತವನ್ನು ಅದೇ ದಿನ ಅದೇ ಯಂತ್ರಕ್ಕೆ ಎರಡು ಸಲ ಹಾಕಿದರೂ ಗಡಿಯ ಕೆಳಗಿನ ಅಂಕಿ ಇಷ್ಟು ಆಚೀಚೆ ಆಗುತ್ತದೆ. ಯಂತ್ರ ಬದಲಾದರೆ, ಕಿಟ್ಟಿನ ಬ್ಯಾಚ್ ಬದಲಾದರೆ ಇನ್ನೂ ಆಗುತ್ತದೆ. 0.08 ಎಂದರೆ ಎಂಟು ಪ್ರತಿಶತ ವೈರಸ್ ಎಂದಲ್ಲ. 0.21 'ಅರ್ಧಂಬರ್ಧ ಪಾಸಿಟಿವ್' ಕೂಡ ಅಲ್ಲ. ಎರಡೂ ಹೇಳುವುದು ಒಂದೇ ಮಾತು. ಬೇರೆ ಬೇರೆ ದಿನದ ಈ ಅಂಕಿಗಳನ್ನು ಹೋಲಿಸಿ ನೋಡುವುದರಲ್ಲಿ ಏನೂ ಅರ್ಥವಿಲ್ಲ, ಅದನ್ನು ಇವತ್ತಿಗೇ ನಿಲ್ಲಿಸಿ.

ಆದರೆ 'ಇಕ್ವಿವೋಕಲ್', 'ಇಂಡಿಟರ್ಮಿನೇಟ್', 'ಇನ್‌ವ್ಯಾಲಿಡ್' ಎಂದು ಬರೆದಿದ್ದರೆ ಅದು ನೆಗೆಟಿವ್ ಅಲ್ಲ, ಪಾಸಿಟಿವೂ ಅಲ್ಲ. ಹೊಸ ಸ್ಯಾಂಪಲ್ ಕೊಡಬೇಕು ಎಂದಷ್ಟೇ ಅರ್ಥ.

ಮನೆಯ ಕಿಟ್ ಬಳಸಿದವರಿಗೆ ಒಂದು ಮಾತು. ಕಿಟ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ, ಸಿ ಅಕ್ಷರದ ಪಕ್ಕದ ಗೆರೆ ಬರದಿದ್ದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ. ಕಿಟ್ಟಿನ ಜೊತೆಗಿನ ಕಾಗದ ಹೇಳಿದಷ್ಟು ನಿಮಿಷದೊಳಗೆ ಟಿ ಜಾಗದಲ್ಲಿ ತೆಳುವಾದ ಗೆರೆ ಬಂದರೂ ಅದು ರಿಯಾಕ್ಟಿವ್, ಲ್ಯಾಬಿನಲ್ಲಿ ಖಚಿತಪಡಿಸಿಕೊಳ್ಳಬೇಕು. ಆ ಸಮಯ ಮೀರಿದ ಮೇಲೆ ಮಾತ್ರ ಅದನ್ನು ಓದಲೇಬಾರದು. ಕಸದ ಬುಟ್ಟಿಗೆ ಹಾಕಿದ್ದನ್ನು ರಾತ್ರಿ ಹೆಕ್ಕಿ ತೆಗೆದು ಟಾರ್ಚ್ ಹಿಡಿದು ನೋಡಿದರೆ ಮಸುಕು ಗೆರೆಯಂಥದ್ದು ಕಾಣಬಹುದು. ಪಟ್ಟಿ ಒಣಗುವಾಗ ಹಾಗಾಗುತ್ತದೆ. ಓದಿದ ಕೂಡಲೇ ಫೋಟೋ ತೆಗೆದಿಟ್ಟು ಕಿಟ್ಟನ್ನು ಮನೆಯಿಂದಾಚೆ ಹಾಕಿಬಿಡಿ.

ಸಿಫಿಲಿಸ್‌ಗೆ ಎರಡು ಬಗೆಯ ಪರೀಕ್ಷೆಗಳಿವೆ: ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಒಂದು ಬಗೆ, ಟಿಪಿಎಚ್‌ಎ ಮತ್ತು ಅದರ ಜಾತಿಯವು ಇನ್ನೊಂದು. 12 ವಾರದ ನಂತರ ಎರಡೂ ಬಗೆ ನೆಗೆಟಿವ್ ಇದ್ದರೆ ಸಂಶಯಕ್ಕೆ ಎಡೆಯಿಲ್ಲ. ಹಿಂದೆಂದೋ ಸಿಫಿಲಿಸ್ ಆಗಿ ಚಿಕಿತ್ಸೆ ಪಡೆದವರಲ್ಲಿ ಟಿಪಿಎಚ್‌ಎ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಅದನ್ನು ನೋಡಿ ಕಾಯಿಲೆ ಮರುಕಳಿಸಿತು ಎಂದುಕೊಳ್ಳಬೇಡಿ. ಗುಣವಾಗಿದೆಯೋ ಇಲ್ಲವೋ ಎಂಬುದನ್ನು ವೈದ್ಯರು ಆರ್‌ಪಿಆರ್ ಪ್ರಮಾಣ ಇಳಿಯುವುದರಿಂದ ತಿಳಿಯುತ್ತಾರೆ.

4. ನೆಗೆಟಿವ್ ಅನ್ನು ನಿಜವಾಗಿ ದಾರಿ ತಪ್ಪಿಸುವ ಸಂಗತಿಗಳು

ಇವು ಬೆರಳೆಣಿಕೆಯಷ್ಟು. ಸಂಪರ್ಕವಾದ 72 ಗಂಟೆಯೊಳಗೆ ಎಚ್‌ಐವಿ ತಡೆಯುವ ಪೆಪ್ ಮಾತ್ರೆ ಶುರುಮಾಡಿ 28 ದಿನ ತೆಗೆದುಕೊಂಡಿದ್ದರೆ ಲೆಕ್ಕ ಬದಲಾಗುತ್ತದೆ. ಆ ಮಾತ್ರೆ ವೈರಸ್ಸನ್ನು ಅದುಮಿಡುವುದರಿಂದ ಪರೀಕ್ಷೆಗೆ ಸಿಗುವುದೂ ತಡವಾಗಬಹುದು. ಮಾತ್ರೆ ಮುಗಿದ ದಿನದಿಂದ 45 ದಿನ ಎಣಿಸಬೇಕು ಎನ್ನುವ ರೂಢಿ ಒಂದಿದೆ, ಸಂಪರ್ಕದ ದಿನದಿಂದ 12 ವಾರಕ್ಕೆ ಕೊನೆಯ ಪರೀಕ್ಷೆ ಎನ್ನುವ ರೂಢಿ ಇನ್ನೊಂದು. ಮಾತ್ರೆ ಶುರುವಾಗಲು ಹೆಚ್ಚೆಂದರೆ 3 ದಿನ, ಮಾತ್ರೆ 28 ದಿನ, ಆಮೇಲೆ 45 ದಿನ ಸೇರಿದರೆ 76 ದಿನ. 12 ವಾರವೆಂದರೆ 84 ದಿನ, ಎರಡೂ ಲೆಕ್ಕ ಅದರೊಳಗೆ ಬರುತ್ತವೆ. ಸಂಪರ್ಕಕ್ಕೆ ಮೊದಲೇ ಎಚ್‌ಐವಿ ತಡೆಗೆಂದು ಪ್ರೆಪ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದನ್ನು ಬರೆದುಕೊಟ್ಟ ವೈದ್ಯರ ಪರೀಕ್ಷಾ ವೇಳಾಪಟ್ಟಿಯನ್ನೇ ಅನುಸರಿಸಲಿ.

ಎರಡನೆಯದು ಆ್ಯಂಟಿಬಯಾಟಿಕ್. ಸ್ಯಾಂಪಲ್ ಕೊಡುವ ಮುಂಚಿನ ದಿನಗಳಲ್ಲಿ, ಗಂಟಲು ನೋವಿಗೋ ಹಲ್ಲಿಗೋ, ಯಾವುದಕ್ಕೆ ತೆಗೆದುಕೊಂಡಿದ್ದರೂ ಕ್ಲಮೈಡಿಯಾ, ಗೊನೊರಿಯಾ, ಸಿಫಿಲಿಸ್ ಪರೀಕ್ಷೆಯ ಮೇಲೆ ಅದರ ನೆರಳು ಬೀಳಬಹುದು. ಮಾತ್ರೆಯ ಹೆಸರನ್ನು ವೈದ್ಯರಿಗೆ ಹೇಳಿ. ಎಚ್‌ಐವಿ ಪರೀಕ್ಷೆಗೆ ಇದರಿಂದ ತೊಂದರೆಯಿಲ್ಲ. ಚಿಕಿತ್ಸೆ ಪಡೆದವರಿಗೆ ಇದರ ತಿರುಗುಮುರುಗಾದ ಸಮಸ್ಯೆಯೂ ಇದೆ: ಕ್ಲಮೈಡಿಯಾ ಮಾತ್ರೆ ಮುಗಿದ ನಾಲ್ಕು ವಾರದೊಳಗೆ ಮತ್ತೆ ಪಿಸಿಆರ್ ಮಾಡಿಸಿದರೆ ಸತ್ತ ಬ್ಯಾಕ್ಟೀರಿಯಾದ ಉಳಿಕೆಗೇ ಪಾಸಿಟಿವ್ ತೋರಿಸಬಹುದು.

ಮೂರನೆಯದು ರೋಗನಿರೋಧಕ ಶಕ್ತಿಯೇ ಕುಂದಿರುವ ಸ್ಥಿತಿ. ಕೀಮೋಥೆರಪಿ, ಅಂಗಾಂಗ ಕಸಿಯ ನಂತರದ ಔಷಧಿ, ಹುಟ್ಟಿನಿಂದ ಪ್ರತಿಕಾಯ ತಯಾರಾಗದ ಅಪರೂಪದ ಕಾಯಿಲೆಗಳು, ಇಂಥವು. ಹೀಗಿದ್ದರೆ ಆರ್‌ಎನ್‌ಎ ಪರೀಕ್ಷೆಯನ್ನೂ ಜೊತೆಗೆ ಮಾಡಿಸುತ್ತಾರೆ. 'ನನಗೆ ಪದೇ ಪದೇ ನೆಗಡಿ ಬರುತ್ತದೆ, ಇಮ್ಯೂನಿಟಿ ಕಡಿಮೆ' ಎಂಬುದು ಈ ಗುಂಪಿಗೆ ಸೇರುವುದಿಲ್ಲ. ಇನ್ನು ಕೂದಲಿಗೆ, ಉಗುರಿಗೆ ಎಂದು ತೆಗೆದುಕೊಳ್ಳುವ ಹೆಚ್ಚು ಡೋಸಿನ ಬಯೋಟಿನ್ ಕೆಲವು ಬಗೆಯ ಯಂತ್ರಪರೀಕ್ಷೆಗಳ ಓದನ್ನು ಏರುಪೇರು ಮಾಡಬಲ್ಲದು. ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲೇ ಲ್ಯಾಬಿಗೆ ತಿಳಿಸಿ.

ಊಟ ಮಾಡಿ ಹೋಗಿದ್ದು, ಹಿಂದಿನ ರಾತ್ರಿ ಮದ್ಯ ಕುಡಿದಿದ್ದು, ನೆಗಡಿ ಇದ್ದದ್ದು, ನಿದ್ದೆಗೆಟ್ಟಿದ್ದು, ಟೆನ್ಷನ್, ಮುಟ್ಟು, ನೋವಿನ ಮಾತ್ರೆ, ರಕ್ತದ ಗುಂಪು, ಇವು ಯಾವುವೂ ಎಚ್‌ಐವಿ ಫಲಿತಾಂಶವನ್ನು ಪಾಸಿಟಿವ್‌ನಿಂದ ನೆಗೆಟಿವ್‌ಗೆ ತಿರುಗಿಸುವುದಿಲ್ಲ.

5. ಉಳಿದ ಅಪಾಯ ಎಷ್ಟು? ಲೆಕ್ಕ ಹಾಕಿ

'ಯಾವ ಪರೀಕ್ಷೆಯೂ ನೂರಕ್ಕೆ ನೂರು ಅಲ್ಲವಲ್ಲ' ಎಂಬ ವಾದ ನಿಜವೇ. ಹಾಗಿದ್ದರೆ ಅದನ್ನು ಪೂರ್ತಿ ಲೆಕ್ಕ ಮಾಡೋಣ.

ಯೋನಿ ಸಂಭೋಗದಲ್ಲಿ ಪುರುಷನಿಗೆ ಒಂದು ಸಲದ ಸಂಪರ್ಕದಿಂದ ಎಚ್‌ಐವಿ ತಗುಲುವ ಅಂದಾಜು 10,000ಕ್ಕೆ 4, ಮಹಿಳೆಗೆ 10,000ಕ್ಕೆ 8. ಗುದಮೈಥುನದಲ್ಲಿ ಒಳಗೊಳ್ಳುವವರಿಗೆ 10,000ಕ್ಕೆ 138, ಇನ್ನೊಬ್ಬರಿಗೆ 11. ಇವೆಲ್ಲ ಸಂಗಾತಿಗೆ ಎಚ್‌ಐವಿ ಇದೆ, ಚಿಕಿತ್ಸೆ ಇಲ್ಲ, ಕಾಂಡೋಮ್ ಬಳಸಿಲ್ಲ ಎಂದಿಟ್ಟುಕೊಂಡು ಕೊಟ್ಟ ಅಂಕಿಗಳು. ಮುಖಮೈಥುನದಲ್ಲಿ ಅಪಾಯ ತೀರಾ ಕಡಿಮೆ. ಚಿಕಿತ್ಸೆಯಿಂದ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ಉಳಿದಿದ್ದರೆ ಅವರಿಂದ ಲೈಂಗಿಕ ಸಂಪರ್ಕದ ಮೂಲಕ ಎಚ್‌ಐವಿ ಹರಡುವುದಿಲ್ಲ.

ಈಗ ಪುರುಷನೊಬ್ಬನ ಉದಾಹರಣೆ. ಸಂಗಾತಿಗೆ ಎಚ್‌ಐವಿ ಇತ್ತು ಎಂದೇ ಇಟ್ಟುಕೊಳ್ಳೋಣ: 10,000ಕ್ಕೆ 4. 45 ದಿನಕ್ಕೆ ಮಾಡಿದ ಲ್ಯಾಬ್ ಪರೀಕ್ಷೆ 100 ಸೋಂಕುಗಳಲ್ಲಿ 1ನ್ನು ಬಿಟ್ಟುಬಿಟ್ಟಿತು ಎಂದುಕೊಳ್ಳೋಣ. ಎರಡನ್ನೂ ಗುಣಿಸಿದರೆ ಹತ್ತು ಲಕ್ಷಕ್ಕೆ 4. ಸಂಗಾತಿಗೆ ಎಚ್‌ಐವಿ ಇತ್ತೋ ಇಲ್ಲವೋ ಗೊತ್ತಿಲ್ಲದಿದ್ದರೆ, ಅವರಿಗೆ ಇರುವ ಸಂಭವದಿಂದ ಇದನ್ನು ಮತ್ತೆ ಗುಣಿಸಬೇಕು. ಆ ಸಂಭವ ನೂರಕ್ಕೆ ಒಂದು ಎಂದುಕೊಂಡರೆ ಹತ್ತು ಕೋಟಿಗೆ 4. ನಿಮ್ಮದೇ ಸಂದರ್ಭದ ಅಂಕಿ ಇಟ್ಟು ಒಮ್ಮೆ ಗುಣಿಸಿ, ಉತ್ತರವನ್ನು ಕಾಗದದ ಮೇಲೆ ದಪ್ಪಗೆ ಬರೆಯಿರಿ. ಸೊನ್ನೆ ಬರುವುದಿಲ್ಲ. ಸೊನ್ನೆಯೇ ಬೇಕು ಎಂದು ಮನಸ್ಸು ಹಟ ಹಿಡಿದಿದ್ದರೆ ಆ ಹಟವನ್ನು ತೀರಿಸುವ ಪರೀಕ್ಷೆ ವೈದ್ಯಶಾಸ್ತ್ರದ ಯಾವ ಕೋಣೆಯಲ್ಲೂ ಇಲ್ಲ.

ಸ್ಯಾಂಪಲ್ ಅದಲುಬದಲಾಗುವ ಭಯವೇ ಮುಖ್ಯವಾಗಿದ್ದರೆ, ಸರಿಯಾದ ಸಮಯದ ನಂತರ ಬೇರೆ ದಿನ, ಬೇರೆ ಲ್ಯಾಬಿನಲ್ಲಿ ಒಂದು ಸಲ ಮಾಡಿಸಿ. ಎರಡೂ ಕಡೆ ತಪ್ಪಾಗಿ ಎರಡೂ ಒಂದೇ ಉತ್ತರ ಕೊಡುವ ಸಂಭವ ಲೆಕ್ಕಕ್ಕೆ ತೆಗೆದುಕೊಳ್ಳುವಂಥದ್ದಲ್ಲ. ಮೂರನೆಯದರಿಂದ ಹೊಸದಾಗಿ ಏನೂ ತಿಳಿಯುವುದಿಲ್ಲ.

6. 'ಹಾಗಾದರೆ ಈ ಲಕ್ಷಣಗಳು ಯಾಕೆ?'

ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಲಕ್ಷಣಗಳು ನಿಜ, ಕಾರಣ ಮಾತ್ರ ಬೇರೆ.

ಮೂತ್ರನಾಳದ ಉರಿ, ತುರಿಕೆಯನ್ನೇ ತೆಗೆದುಕೊಳ್ಳಿ. ಸ್ರಾವ ಇದೆಯೇ ಎಂದು ದಿನಕ್ಕೆ ಹತ್ತು ಸಲ ಶಿಶ್ನದ ತುದಿಯನ್ನು ಹಿಂಡಿ ನೋಡಿದರೆ ಒಳಪದರ ಕೆರಳಿ ಉರಿಯುತ್ತದೆ, ಒಂದು ಹನಿ ತಿಳಿದ್ರವವೂ ಬರುತ್ತದೆ. ಅದನ್ನು ಕಂಡು ಗಾಬರಿಯಾಗಿ ಮತ್ತೆ ಹಿಂಡುತ್ತಾರೆ. ಎರಡು ವಾರ ಹಿಂಡದೆ, ಸೋಪು, ಆ್ಯಂಟಿಸೆಪ್ಟಿಕ್ ದ್ರಾವಣ ಏನೂ ತಾಗಿಸದೆ ಬರೀ ನೀರಿನಲ್ಲಿ ತೊಳೆದು ನೋಡಿ. ಅನೇಕರಿಗೆ ಅಷ್ಟಕ್ಕೇ ಇಳಿಯುತ್ತದೆ. ಇಳಿಯದಿದ್ದರೆ ವೈದ್ಯರು ಮೂತ್ರನಾಳದ ಸ್ರಾವವನ್ನು ಗಾಜಿನ ಪಟ್ಟಿಗೆ ಸವರಿ (ಸ್ಮಿಯರ್) ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಅದರಲ್ಲಿ ಒಮ್ಮೆಗೆ ಕಾಣುವಷ್ಟು ಜಾಗದಲ್ಲಿ ಬಿಳಿ ರಕ್ತಕಣ ಎರಡು ಅಥವಾ ಹೆಚ್ಚಿದ್ದರೆ ಉರಿಯೂತ ನಿಜವಾಗಿ ಇದೆ ಎಂದರ್ಥ. ಆಗ ಮೈಕೊಪ್ಲಾಸ್ಮಾ ಜೆನಿಟಾಲಿಯಂ, ಟ್ರೈಕೊಮೊನಾಸ್ ಎಂಬ ಸೂಕ್ಷ್ಮಜೀವಿಗಳನ್ನು ಹುಡುಕುವುದು ಸರಿ. ಸ್ರಾವವೂ ಇಲ್ಲ, ಬಿಳಿ ಕಣವೂ ಇಲ್ಲ ಎಂದಾದರೆ ಆ್ಯಂಟಿಬಯಾಟಿಕ್ ಮೇಲೆ ಆ್ಯಂಟಿಬಯಾಟಿಕ್ ನುಂಗುವುದರಿಂದ ಹೊಟ್ಟೆ ಕೆಡುತ್ತದೆ, ಉರಿ ಹೋಗುವುದಿಲ್ಲ. ಕಿಬ್ಬೊಟ್ಟೆಯ ತಳಭಾಗದ ಸ್ನಾಯುಗಳನ್ನು ಆತಂಕದಲ್ಲಿ ಸದಾ ಬಿಗಿಹಿಡಿದಿರುವುದೂ ಇಂಥದೇ ಉರಿ, ನೋವು ತರುತ್ತದೆ.

ಕುತ್ತಿಗೆಯ, ತೊಡೆಸಂದಿನ ಗಂಟುಗಳದ್ದೂ ಇದೇ ಕತೆ. ಆರೋಗ್ಯವಂತರಲ್ಲೂ ತೊಡೆಸಂದಿನಲ್ಲಿ ಅವರೆಕಾಳಿನಷ್ಟು ಗಂಟು ಕೈಗೆ ಸಿಗುತ್ತದೆ. ದಿನವೂ ಒತ್ತಿ ನೋಡಿದರೆ ಅದು ನೋಯುತ್ತದೆ.

ಶಿಶ್ನಮುಂಡದ ಅಂಚಿನ ಸುತ್ತ ಸಾಲಾಗಿ, ಒಂದೇ ಗಾತ್ರದಲ್ಲಿರುವ ಸಣ್ಣ ಮುತ್ತಿನಂಥ ಬೊಕ್ಕೆಗಳು ಹುಟ್ಟುಗುಣ, ಸೋಂಕಲ್ಲ. ಮಹಿಳೆಯರಲ್ಲಿ ಯೋನಿದ್ವಾರದ ಒಳತುಟಿಯ ಮೇಲೆ ಎರಡೂ ಬದಿ ಒಂದೇ ರೀತಿ ಕಾಣುವ ಮೃದು ಮೊಳೆಗಳೂ ಹಾಗೆಯೇ. ತುಟಿ, ವೃಷಣಚೀಲ, ಶಿಶ್ನದ ಚರ್ಮದ ಮೇಲಿನ ಹಳದಿ ಚುಕ್ಕೆಗಳು ಎಣ್ಣೆಗ್ರಂಥಿಗಳು. ಸಂಶಯವಿದ್ದರೆ ಚರ್ಮವೈದ್ಯರಿಗೆ ಒಮ್ಮೆ ತೋರಿಸಿ, ಅವರು ನೋಡಿದ ಕೂಡಲೇ ಹೇಳುತ್ತಾರೆ.

ಸಂಪರ್ಕವಾದ ಎರಡರಿಂದ ನಾಲ್ಕು ವಾರಕ್ಕೆ ಜ್ವರ, ಗಂಟಲು ನೋವು ಬಂದರೆ ಎಚ್‌ಐವಿ ಎಂದೇ ತೀರ್ಮಾನಿಸುವವರಿದ್ದಾರೆ. ಈ ಲಕ್ಷಣಗಳು ಹತ್ತಾರು ಸಾಮಾನ್ಯ ವೈರಸ್‌ಗಳಿಗೂ ಇವೆ. ಆ ಜ್ವರ ಎಚ್‌ಐವಿಯದ್ದೇ ಆಗಿದ್ದರೆ ರಕ್ತದಲ್ಲಿ ವೈರಸ್ ತುಂಬಿ ತುಳುಕುವ ಹೊತ್ತು ಅದು, ಆಗ ಮಾಡಿದ ಆರ್‌ಎನ್‌ಎ ಪರೀಕ್ಷೆಗೆ ಸಿಕ್ಕೇ ಸಿಗುತ್ತದೆ. ಇನ್ನು 45 ದಿನ ದಾಟಿದ ಲ್ಯಾಬ್ ನೆಗೆಟಿವ್ ಕೈಯಲ್ಲಿದ್ದರೆ ಬಿಳಿ ನಾಲಿಗೆ, ಸುಸ್ತು, ತೂಕ ಇಳಿಕೆಗೆ ಬೇರೆ ಕಾರಣ ಹುಡುಕಬೇಕು. ಆತಂಕದಲ್ಲಿ ಊಟ ನಿದ್ದೆ ಬಿಟ್ಟವರಿಗೆ ತೂಕ ಇಳಿಯದೆ ಇರುವುದೇ ಕಷ್ಟ.

7. ಕಾಗದವನ್ನು ಮುಗಿಸಿ, ಮುಚ್ಚಿಡಿ

ಈಗ ಕಾಗದದ ಕೆಳಭಾಗದಲ್ಲಿ ಪ್ರತಿ ಸೋಂಕಿನ ಎದುರು ನಾಲ್ಕು ವಿಷಯ ಇರಬೇಕು: ಪರೀಕ್ಷೆಯ ಹೆಸರು, ಸ್ಯಾಂಪಲ್ಲಿನ ಬಗೆ, ಸಂಪರ್ಕದಿಂದ ಎಷ್ಟನೇ ದಿನ, ಫಲಿತಾಂಶ. ಬಾಕಿ ಏನಾದರೂ ಇದ್ದರೆ ಅದರ ತಾರೀಕು. ಇದನ್ನು ವೈದ್ಯರೊಬ್ಬರಿಗೆ ತೋರಿಸಿ, 'ಇದಾದ ಮೇಲೆ ಇನ್ನೇನೂ ಬೇಡವೇ?' ಎಂದು ಒಮ್ಮೆ ಕೇಳಿ, ಅವರ ಉತ್ತರವನ್ನೂ ಅಲ್ಲೇ ಬರೆದುಕೊಳ್ಳಿ. ಅದೇ ಪ್ರಶ್ನೆಯನ್ನು ಐದು ವೈದ್ಯರಿಗೆ ಕೇಳಿದರೆ ಐದು ಬಗೆಯ ವಾಕ್ಯಗಳು ಬರುತ್ತವೆ, ಮನಸ್ಸು ಅವುಗಳ ನಡುವಿನ ಸಣ್ಣ ವ್ಯತ್ಯಾಸವನ್ನೇ ಹಿಡಿದು ಜಗ್ಗುತ್ತದೆ.

ಮತ್ತೆ ಪರೀಕ್ಷೆ ಮಾಡಿಸಲು ಒಪ್ಪತಕ್ಕ ಕಾರಣಗಳನ್ನೂ ಬರೆದಿಡಿ: ಹೊಸ ಸಂಪರ್ಕ, ಸಂಗಾತಿಗೆ ಸೋಂಕು ಪತ್ತೆಯಾಗಿದೆ ಎಂಬ ಸುದ್ದಿ, ಸ್ರಾವ, ನೋವಿಲ್ಲದ ಹುಣ್ಣು, ಅಂಗೈ ಅಂಗಾಲಿನ ದದ್ದಿನಂಥ ಕಣ್ಣಿಗೆ ಕಾಣುವ ಹೊಸ ಲಕ್ಷಣ, ಗರ್ಭಧಾರಣೆ. 'ರಾತ್ರಿ ಮತ್ತೆ ಯೋಚನೆ ಬಂತು' ಎಂಬುದು ಈ ಪಟ್ಟಿಯಲ್ಲಿ ಇಲ್ಲ. ಪರೀಕ್ಷೆಗೆ ಬದಲಾಗಿ ರಕ್ತದಾನ ಮಾಡಿ ನೋಡುವ ಯೋಚನೆ ಬಂದರೆ ದಯವಿಟ್ಟು ಬೇಡ. ವಿಂಡೋ ಪೀರಿಯಡ್‌ನಲ್ಲಿರುವ ರಕ್ತ ಯಾರದೋ ದೇಹ ಸೇರಬಹುದು. ಬಾಕಿ ತಾರೀಕು ಇರುವವರೆಗೆ ಕಾಂಡೋಮ್ ಬಳಸಿ. ಬಾಕಿ ಮುಗಿದ ಮೇಲೂ ಗಂಡ ಅಥವಾ ಹೆಂಡತಿಯನ್ನು ಮುಟ್ಟಲು, ಮಗುವಿಗೆ ಮುತ್ತಿಡಲು ಹೆದರಿ ದೂರ ಇರುವವರಿದ್ದಾರೆ. ಈ ದೂರ ಬೇಡ. ಎಚ್‌ಐವಿ ಇದ್ದವರೂ ಹಾಗೆ ದೂರ ಇರಬೇಕಾದ ಅಗತ್ಯವಿಲ್ಲ.

ಇನ್ನು ಉಳಿದದ್ದು ಆತಂಕದ ಚಕ್ರ. ಅನುಮಾನ ಬರುತ್ತದೆ, ಗೂಗಲ್‌ನಲ್ಲಿ ಹುಡುಕುತ್ತೀರಿ ಇಲ್ಲವೇ ಮೈ ತಡಕುತ್ತೀರಿ, ಕ್ಷಣಕಾಲ ಹಗುರಾಗುತ್ತದೆ, ಅನುಮಾನ ಇನ್ನಷ್ಟು ಬಲವಾಗಿ ಮರಳುತ್ತದೆ. ಹುಡುಕಿದಾಗ ಸಿಗುವ ಆ ಕ್ಷಣದ ನೆಮ್ಮದಿಯೇ ಚಕ್ರವನ್ನು ತಿರುಗಿಸುವುದು. ಅನುಮಾನ ಬಂದಾಗ ಅದರೊಂದಿಗೆ ವಾದಕ್ಕಿಳಿಯಬೇಡಿ. 'ಅನುಮಾನ ಬಂದಿದೆ, ಕಾಗದದಲ್ಲಿ ಉತ್ತರವಿದೆ' ಎಂದಷ್ಟೇ ಅಂದುಕೊಂಡು ಹುಡುಕಾಟವನ್ನು 15 ನಿಮಿಷ ಮುಂದೂಡಿ. ಕೆಲವು ದಿನಕ್ಕೆ ಅದನ್ನು ಅರ್ಧ ಗಂಟೆ ಮಾಡಿ, ಆಮೇಲೆ ಎರಡು ಗಂಟೆ. ಮೊದಮೊದಲು ಸಂಕಟ ಹೆಚ್ಚುತ್ತದೆ, ಅದು ಸಹಜ. ಏನೂ ಮಾಡದೆ ಬಿಟ್ಟರೂ ತಾನಾಗಿ ಇಳಿಯುತ್ತದೆ ಎಂಬುದನ್ನು ದೇಹ ಕಲಿಯಬೇಕಾದದ್ದೇ ಹಾಗೆ. ಗೆಳೆಯನಿಗೋ ಸಂಗಾತಿಗೋ 'ಏನೂ ಆಗಿಲ್ಲ ಅಲ್ವಾ?' ಎಂದು ದಿನವೂ ಕೇಳುವುದು ಸಹ ಹುಡುಕಾಟವೇ. ಹಾಗೆ ಕೇಳಿದರೆ ಉತ್ತರ ಕೊಡಬೇಡ ಎಂದು ಅವರಿಗೇ ಹೇಳಿಡಿ.

ಅನೇಕರಲ್ಲಿ ಭಯದ ಅಡಿಯಲ್ಲಿ ಅಪರಾಧಿ ಭಾವ ಕೂತಿರುತ್ತದೆ. ತಪ್ಪು ಮಾಡಿದ್ದೇನೆ, ಶಿಕ್ಷೆ ಬಂದೇ ತೀರುತ್ತದೆ ಎಂಬ ನಂಬಿಕೆಗೆ ನೆಗೆಟಿವ್ ರಿಪೋರ್ಟ್ ಸುಳ್ಳಿನಂತೆ ಕಾಣುತ್ತದೆ. ರಕ್ತಪರೀಕ್ಷೆ ಸೋಂಕನ್ನು ಮಾತ್ರ ನೋಡುತ್ತದೆ. ಮನಸ್ಸಿನ ಭಾರವನ್ನು ಆಪ್ತರೊಬ್ಬರ ಮುಂದೆ ಅಥವಾ ಆಪ್ತಸಮಾಲೋಚಕರ ಮುಂದೆ ಇಳಿಸಬೇಕು.

ಈ ಯೋಚನೆ, ತಡಕಾಟಗಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ತಿನ್ನುತ್ತಿದ್ದರೆ, ಕೆಲಸ ಓದು ಕೆಡುತ್ತಿದ್ದರೆ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಆರೋಗ್ಯದ ಆತಂಕಕ್ಕೂ ಗೀಳಿಗೂ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದೆ, ಬೇಕಿದ್ದರೆ ಮಾತ್ರೆಗಳೂ ಇವೆ. ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ. ಸಾಯುವ ಯೋಚನೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಇವತ್ತೇ ಯಾರಿಗಾದರೂ ಹೇಳಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಮೊದಲ ಭೇಟಿಯಲ್ಲಿ ಮಾತು ಎಲ್ಲಿಂದ ಶುರುಮಾಡುವುದು ಎಂದು ತಡವರಿಸಬೇಡಿ. 'ಲೈಂಗಿಕ ಸೋಂಕಿನ ಪರೀಕ್ಷೆ ಇಷ್ಟು ಸಲ ನೆಗೆಟಿವ್ ಬಂದಿದೆ. ಸಮಯ ಸರಿಯಿದೆ ಎಂದು ವೈದ್ಯರೂ ಹೇಳಿದ್ದಾರೆ. ಆದರೂ ದಿನಕ್ಕೆ ಇಷ್ಟು ಹೊತ್ತು ಇದರಲ್ಲೇ ಹೋಗುತ್ತದೆ, ಇಷ್ಟು ಸಲ ಮೈ ನೋಡಿಕೊಳ್ಳುತ್ತೇನೆ' ಎಂದು ಹೇಳಿ. ಸಂಪರ್ಕದ ವಿವರ ಅವರು ಕೇಳಿದರೆ ಹೇಳಿದರಾಯಿತು. ರಿಪೋರ್ಟುಗಳ ಕಂತೆಯನ್ನು ಮನೆಯಲ್ಲೇ ಬಿಡಿ, ಆ ಒಂದು ಕಾಗದ ಸಾಕು.